ಗೆರೆ ಶುರುವಾಗುವ ಜಾಗ

ಅವಳಿಗೆ ದಶಾಂಶ ಮೇಡಂ ಎಂದು ಹೆಸರಿಟ್ಟವರು ಯಾರೋ, ಆ ಹೆಸರಂತೂ ಅಂಟಿಕೊಂಡು ಹನ್ನೆರಡು ವರ್ಷವಾಗಿತ್ತು. ಟೀಗೆ ಎಷ್ಟು ಹೊತ್ತಿಗೆ ಹೋಗೋಣ ಎಂದು ಯಾರಾದರೂ ಕೇಳಿದರೆ ಹನ್ನೊಂದೂವರೆಗೆ ಎನ್ನುವವಳಲ್ಲ, ಹನ್ನೊಂದು ಇಪ್ಪತ್ತೇಳಕ್ಕೆ ಎನ್ನುವವಳು. ಮನೆಯಲ್ಲಿ ಅತ್ತೆಗೆ ಜ್ವರ ಬಂದಾಗ ಥರ್ಮಾಮೀಟರ್ ನೋಡಿ ಅವಳು ಹೇಳಿದ ಅಂಕಿಯನ್ನು ಕೇಳಿಯೇ ಡಾಕ್ಟರು, ಇದನ್ನು ನೋಡಿದ್ದು ನಿಮ್ಮ ಸೊಸೆಯಾ ಎಂದು ನಕ್ಕಿದ್ದರಂತೆ. ಹೆಸರಿನ ಬಗ್ಗೆ ಅವಳಿಗೇನೂ ಬೇಜಾರಿರಲಿಲ್ಲ. ಒಳಗೊಳಗೇ ಖುಷಿಯೇ ಇತ್ತು.

ಮೂರನೇ ಮಹಡಿಯ ಪ್ರಯೋಗಾಲಯದಲ್ಲಿ ಅವಳ ಸುಪರ್ದಿಯಲ್ಲಿದ್ದದ್ದು ಶಾಖ ಅಳೆಯುವ ಯಂತ್ರ. ಎಲ್ಲರೂ ಅದನ್ನು ಡಿಎಸ್‌ಸಿ ಎಂದೇ ಕರೆಯುತ್ತಿದ್ದರು. ಅದರ ಕೆಲಸವನ್ನು ಹೇಳುವುದು ಸುಲಭ. ಅಂಗಿಯ ಗುಂಡಿಗಿಂತ ಚಿಕ್ಕದಾದ ಎರಡು ಅಲ್ಯೂಮಿನಿಯಂ ಬಟ್ಟಲುಗಳನ್ನು ಒಳಗೆ ಅಕ್ಕಪಕ್ಕ ಕೂರಿಸಬೇಕು. ಒಂದರಲ್ಲಿ ಪರೀಕ್ಷಿಸಬೇಕಾದ ವಸ್ತುವಿನ ಚೂರು, ಇನ್ನೊಂದು ಖಾಲಿ. ಎರಡನ್ನೂ ಒಂದೇ ಸಮನೆ ಬಿಸಿ ಮಾಡುತ್ತ ಹೋದರೆ, ವಸ್ತು ಕರಗುವ ಹೊತ್ತಿಗೆ ಆ ಬಟ್ಟಲು ಹೆಚ್ಚು ಶಾಖ ನುಂಗುತ್ತದೆ. ಪರದೆಯ ಮೇಲೆ ಸಮನಾಗಿ ಹೋಗುತ್ತಿದ್ದ ಗೆರೆ ಎದ್ದು ಗುಡ್ಡವಾಗಿ ಮತ್ತೆ ಇಳಿಯುತ್ತದೆ. ಗುಡ್ಡ ಎಷ್ಟು ದೊಡ್ಡದೋ ನುಂಗಿದ ಶಾಖ ಅಷ್ಟು. ಆದರೆ ಗುಡ್ಡವನ್ನು ಅಳೆಯಬೇಕಾದರೆ ಅದರ ತಳ ಎಲ್ಲಿದೆ ಎಂದು ಗೊತ್ತಿರಬೇಕಲ್ಲ. ಆ ತಳದ ಗೆರೆಯನ್ನು ಯಂತ್ರ ಕೊಡುವುದಿಲ್ಲ, ಎಳೆಯಬೇಕು. ಈಗಿನ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಅದೇ ಎಳೆದುಕೊಡುತ್ತದೆ. ದಶಾಂಶ ಮೇಡಂ ವರ್ಷಗಳಿಂದ ಆ ಗುಂಡಿಯನ್ನೇ ಒತ್ತುತ್ತಿದ್ದಳು.

ಒಂದು ಮಂಗಳವಾರ ಬೆಳಿಗ್ಗೆ ಇಬ್ಬರು ಹೆಂಗಸರು ಮೆಟ್ಟಿಲು ಹತ್ತಿ ಬಂದರು. ಮುಂದಿದ್ದವರು ಎತ್ತರದ, ಬೆನ್ನು ನೆಟ್ಟಗಿದ್ದ ಅಕ್ಕ. ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ಎಳೆಮಕ್ಕಳ ವಾರ್ಡಿನಲ್ಲಿ ದುಡಿದು ನಿವೃತ್ತರಾದ ನರ್ಸಮ್ಮ. ಹಿಂದೆ ಏದುಸಿರು ಬಿಡುತ್ತ, ಎರಡು ಕೈಯಲ್ಲೂ ಚೀಲ ಹಿಡಿದು ಬಂದವರು ತಂಗಿ, ಟೈಲರಮ್ಮ. ನರ್ಸಮ್ಮನ ಕೈಯಲ್ಲಿ ಹಿಂದಿನ ವಾರ ಅದೇ ಪ್ರಯೋಗಾಲಯ ಕಳಿಸಿದ್ದ ವರದಿ ಇತ್ತು.

"ಇದನ್ನ ಬರೆದವರು ಯಾರು?"

"ನಾನೇ. ಕೂತ್ಕೊಳ್ಳಿ," ಎಂದಳು ದಶಾಂಶ ಮೇಡಂ.

"ಕೂರೋಕೆ ಬಂದಿಲ್ಲಮ್ಮ. ಈ ನಂಬರ್ ಸರಿ ಇಲ್ಲ, ಅದನ್ನ ಹೇಳೋಕೆ ಬಂದೆ."

"ನಾನು ಕೂತ್ಕೋತೀನಿ," ಎಂದು ಟೈಲರಮ್ಮ ಹತ್ತಿರದ ಸ್ಟೂಲ್ ಎಳೆದುಕೊಂಡರು. "ಮೂರು ಮಹಡಿ ಹತ್ತಿದೀನಿ. ಜಗಳ ನಿಂತ್ಕೊಂಡು ಆಡೋಳು ಅವಳು, ನಾನಲ್ಲ."

ಅಕ್ಕತಂಗಿಯರು ಮಾಡುತ್ತಿದ್ದದ್ದು ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಬೆಚ್ಚನೆಯ ಹೊದಿಕೆ. ಅಂಥ ಕೂಸುಗಳಿಗೆ ಮೈ ಕಾಯಿಸಿಕೊಳ್ಳುವಷ್ಟು ಕಸುವು ಇರುವುದಿಲ್ಲ. ಕೂಸನ್ನು ಬೆಚ್ಚಗಿಡುವ ಕರೆಂಟಿನ ಪೆಟ್ಟಿಗೆಗಳು ಎಲ್ಲ ಕಡೆ ಇರುವುದಿಲ್ಲ, ಇದ್ದರೂ ಸಾಲುವುದಿಲ್ಲ. ಅದಕ್ಕೆ ನರ್ಸಮ್ಮ ಹಲವು ಮೇಣಗಳನ್ನು ಬೆರೆಸಿ, ಕಾಯಿಸಿ, ಕೆಡಿಸಿ, ಮತ್ತೆ ಬೆರೆಸಿ, ಮೈಶಾಖದ ಆಸುಪಾಸಿನಲ್ಲೇ ಕರಗುವ ಒಂದು ಹದವನ್ನು ಕಂಡುಕೊಂಡಿದ್ದರು. ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಿಸಿನೀರಿನಲ್ಲಿಟ್ಟು ಕರಗಿಸಿ, ಟೈಲರಮ್ಮ ಹೊಲಿದ ಮೆತ್ತನೆಯ ಹೊದಿಕೆಯೊಳಗೆ ತೂರಿಸಿದರೆ ಮುಗಿಯಿತು. ಕರಗಿದ ಮೇಣ ಮತ್ತೆ ಹೆಪ್ಪುಗಟ್ಟುತ್ತ, ತಾನು ನುಂಗಿದ್ದ ಶಾಖವನ್ನೆಲ್ಲ ಕೂಸಿಗೆ ನಿಧಾನವಾಗಿ ಬಿಟ್ಟುಕೊಡುತ್ತಿತ್ತು. ದೊಡ್ಡಾಸ್ಪತ್ರೆಯವರು ಇನ್ನೂರು ಹೊದಿಕೆ ಬೇಕೆಂದಿದ್ದರು, ಒಂದು ಷರತ್ತಿನ ಮೇಲೆ: ಮೇಣದ ಒಂದೊಂದು ಗ್ರಾಮೂ ಕನಿಷ್ಠ ನೂರ ಎಂಬತ್ತು ಜೂಲ್ ಶಾಖ ಹಿಡಿಯುತ್ತದೆಂದು ಪ್ರಯೋಗಾಲಯದ ವರದಿ ತರಬೇಕು. ದಶಾಂಶ ಮೇಡಂ ಕೊಟ್ಟ ವರದಿಯಲ್ಲಿ 158.37 ಎಂದಿತ್ತು.

"ನಾವು ಮನೇಲಿ ನೋಡಿದೀವಿ," ಎಂದರು ನರ್ಸಮ್ಮ. "ಅಷ್ಟೇ ತೂಕದ ನೀರಿನ ಚೀಲ ಮೂವತ್ತೆಂಟು ಡಿಗ್ರಿಯಿಂದ ಮೂವತ್ಮೂರಕ್ಕೆ ಇಳಿಯೋಕೆ ಅರ್ಧ ಗಂಟೆ ತಗೊಂಡ್ರೆ, ನಮ್ಮ ಮೇಣದ ಚೀಲ ನಾಲ್ಕೂ ಮುಕ್ಕಾಲು ಗಂಟೆ ತಗೊಳ್ತದೆ. ಒಂದಿನ ಅಲ್ಲ, ಒಂಬತ್ತು ದಿನ ನೋಡಿದೀವಿ."

ದಶಾಂಶ ಮೇಡಂ ಮೇಜಿನ ಮೇಲಿದ್ದ ಲಕೋಟೆಯ ಬೆನ್ನಿನಲ್ಲಿ ಲೆಕ್ಕ ಹಾಕಿದಳು. ನೀರಿನ ಶಾಖದ ಲೆಕ್ಕ ಶಾಲೆಯ ಮಕ್ಕಳಿಗೂ ಗೊತ್ತು: ಐದು ಡಿಗ್ರಿ ಇಳಿಯಲು ಗ್ರಾಮಿಗೆ ಇಪ್ಪತ್ತೊಂದು ಜೂಲ್. ಅವಳ ವರದಿ ಸರಿಯಿದ್ದರೆ, ಮೇಣ ಐದು ಡಿಗ್ರಿ ತಣಿಯುವಾಗ ಬಿಡುವ ಹತ್ತು ಜೂಲನ್ನೂ ಸೇರಿಸಿ, ಮೇಣದ ಚೀಲ ನೀರಿನ ಎಂಟು ಪಟ್ಟು ಹೊತ್ತು, ಅಂದರೆ ನಾಲ್ಕು ಗಂಟೆ ಬಾಳಬೇಕು. ನಾಲ್ಕೂ ಮುಕ್ಕಾಲು ಎಂದರೆ ಒಂಬತ್ತೂವರೆ ಪಟ್ಟು. ಆ ಹತ್ತನ್ನು ಕಳೆದರೂ ಗ್ರಾಮಿಗೆ ನೂರ ತೊಂಬತ್ತರ ಹತ್ತಿರ ಹೋಗುತ್ತದೆ.

"ಮನೇಲಿ ಫ್ಯಾನ್ ಇರುತ್ತೆ, ಬಾಗಿಲು ತೆಗೀತಾರೆ, ಥರ್ಮಾಮೀಟರ್ ಹೇಗಿದೆಯೋ," ಎಂದಳು ಅವಳು ಮೆದುವಾಗಿಯೇ. "ಈ ಯಂತ್ರ ಒಂದು ಡಿಗ್ರಿಯ ಸಾವಿರದಲ್ಲೊಂದು ಪಾಲನ್ನೂ ಬಿಡಲ್ಲ ಅಮ್ಮ. ನಿನ್ನೆ ತಾನೇ ಪರೀಕ್ಷೆ ಮಾಡಿದೀನಿ."

"ಥರ್ಮಾಮೀಟರ್ ಹೇಗಿದೆಯೋ ಅಂದ್ಯಾ?" ನರ್ಸಮ್ಮನ ಹುಬ್ಬು ಮೇಲೇರಿತು. "ಮೂವತ್ತೊಂದು ವರ್ಷ ನಾನು ಬೇರೇನು ನೋಡ್ತಿದ್ದೆ ಅಂದ್ಕೊಂಡೆ?"

ಇದನ್ನೆಲ್ಲ ಪಕ್ಕದ ತಕ್ಕಡಿಯ ಕೋಣೆಯಿಂದ ಕೇಳಿಸಿಕೊಳ್ಳುತ್ತಿದ್ದವನು ತೂಕದಣ್ಣ. ಧೂಳಿನ ಕಣ ಬಿದ್ದರೂ ಅಂಕಿ ಅಲುಗುವ ತಕ್ಕಡಿಯ ಮುಂದೆ ಉಸಿರು ಹಿಡಿದು ಕೂರುವುದೇ ಅವನ ಉದ್ಯೋಗವಾದ್ದರಿಂದ, ಉಸಿರು ಬಿಡಲು ಸಿಕ್ಕ ಯಾವ ಅವಕಾಶವನ್ನೂ ಅವನು ಬಿಡುತ್ತಿರಲಿಲ್ಲ. ಬಾಗಿಲಲ್ಲಿ ತಲೆ ಹಾಕಿ ಹೇಳಿದ: "ಇಷ್ಟು ಮಾತ್ಯಾಕೆ? ಇಲ್ಲೇ ಮಾಡಿ ನೋಡೋಣ. ನಮ್ಮ ಥರ್ಮಾಮೀಟರು, ನಮ್ಮ ಗಡಿಯಾರ, ಫ್ಯಾನಿಲ್ಲದ ಕೋಣೆ. ನಾಳೆ ನನಗೂ ಅಂಥ ಕೆಲಸ ಇಲ್ಲ."

"ನಾಳೆ ಯಾಕೆ?" ಎಂದರು ಟೈಲರಮ್ಮ, ಚೀಲ ಬಿಚ್ಚುತ್ತ. "ಎಲ್ಲ ತಂದೇ ಇದೀವಿ."

ಹಾಗೆ ಆ ದಿನ ಶುರುವಾಯಿತು. ಒಂದು ಕಿಲೋ ಮೇಣದ ಚೀಲ, ಒಂದು ಕಿಲೋ ನೀರಿನ ಚೀಲ. ತೂಕದಣ್ಣ ಎರಡನ್ನೂ ತೂಗಿ, ನೀರಿನದ್ದರಲ್ಲಿ ಮೂರು ಹನಿ ಹೆಚ್ಚಿದೆ ಎಂದು ಪಿಪೆಟ್ಟಿನಿಂದ ತೆಗೆದ. ಎರಡನ್ನೂ ಬಿಸಿನೀರಿನ ತೊಟ್ಟಿಯಲ್ಲಿಟ್ಟು ಮೂವತ್ತೆಂಟಕ್ಕೆ ತಂದರು. ಎರಡಕ್ಕೂ ಒಂದೇ ಬಗೆಯ ಹೊದಿಕೆ, ಒಂದೇ ದಪ್ಪದ ಬಟ್ಟೆ, ಒಳಗೆ ಒಂದೊಂದು ಥರ್ಮಾಮೀಟರ್ ತಂತಿ. ಇಷ್ಟಾದ ಮೇಲೆ ಟೈಲರಮ್ಮ ಚೀಲದಿಂದ ಎರಡು ಪುಟಾಣಿ ಟೋಪಿ ತೆಗೆದು, ನೀರಿಗೆ ಹಳದಿ, ಮೇಣಕ್ಕೆ ಕೆಂಪು ತೊಡಿಸಿದರು.

"ಇದ್ಯಾಕೆ?" ಎಂದಳು ದಶಾಂಶ ಮೇಡಂ.

"ಗುರುತಿಗೆ," ಎಂದರು ಟೈಲರಮ್ಮ. ಆಮೇಲೆ ಸ್ವಲ್ಪ ನಾಚಿಕೊಂಡು, "ಬರೀ ತಲೇಲಿ ಮಲಗಿಸೋಕೆ ಮನಸ್ಸು ಬರಲ್ಲಮ್ಮ" ಎಂದರು.

ಸರಿಯಾಗಿ ಹತ್ತು ಗಂಟೆಗೆ ಗಡಿಯಾರ ಒತ್ತಿದರು. ಹತ್ತು ಮೂವತ್ತೊಂದಕ್ಕೆ ಹಳದಿ ಟೋಪಿ ಮೂವತ್ಮೂರು ಡಿಗ್ರಿಗೆ ಇಳಿಯಿತು. ದಶಾಂಶ ಮೇಡಂ ಕಪ್ಪು ಹಲಗೆಯ ಮೇಲೆ, ಕೆಂಪು ಟೋಪಿ ಇಳಿಯುವುದು ಎರಡು ಗಂಟೆ ಎಂಟು ನಿಮಿಷಕ್ಕೆ, ಎಂದು ಬರೆದು ಅಡಿಗೆರೆ ಹಾಕಿದಳು. ನರ್ಸಮ್ಮ ಸೀಮೆಸುಣ್ಣ ಕಸಿದುಕೊಂಡು ಕೆಳಗೆ ಬರೆದರು: ಮೂರರ ಹತ್ತಿರ.

"ಹತ್ತಿರ ಅಂದ್ರೆ ಎಷ್ಟು?" ಎಂದಳು ದಶಾಂಶ ಮೇಡಂ.

"ಹತ್ತಿರ ಅಂದ್ರೆ ಹತ್ತಿರ."

ಸುದ್ದಿ ಕಟ್ಟಡದಲ್ಲೆಲ್ಲ ಹರಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಬಣ್ಣ ಪರೀಕ್ಷಿಸುವ ವಿಭಾಗದವರು ಬಂದು ನೋಡಿಹೋದರು. ಕೆಳಗಿನ ಸೆಕ್ಯುರಿಟಿಯವನು ಒಂದು ಸಹಿ ಬೇಕು ಎಂಬ ನೆಪದಲ್ಲಿ ಎರಡು ಸಲ ಬಂದ. ಊಟದ ಹೊತ್ತಿಗೆ ಜನ ಎರಡು ಪಂಗಡವಾಗಿ, ಯಂತ್ರದ ಕಡೆಯವರು, ಟೋಪಿಯ ಕಡೆಯವರು ಎಂದು ಪಂಥ ಕಟ್ಟಿಕೊಂಡಿದ್ದರು. ಸೋತವರು ನಾಳೆ ಟೀ ಮಾಡಬೇಕು. ಒಂದೂವರೆಗೆ ಡೈರೆಕ್ಟರ್ ಸಾಹೇಬರೇ ಗಲಾಟೆ ಏನೆಂದು ನೋಡಲು ಬಂದರು. ಜೋರಾಗಿ ಕೇಳಬೇಕೆಂದೇ ಬಾಯಿ ತೆರೆದವರು, ಮೇಜಿನ ಮೇಲೆ ಹೊದ್ದು ಮಲಗಿದ್ದ ಎರಡು ಟೋಪಿಗಳನ್ನು ಕಂಡದ್ದೇ ತಮಗೇ ತಿಳಿಯದೆ ದನಿ ತಗ್ಗಿಸಿ, "ಏನ್ರೀ ಇದು?" ಎಂದು ಪಿಸುಗುಟ್ಟಿದರು. ಟೈಲರಮ್ಮನಿಗೆ ಬಂದ ನಗುವನ್ನು ತಡೆಯಲು ಸೆರಗೇ ಸಾಲಲಿಲ್ಲ. ಅವರು ನಕ್ಕದ್ದು ನೋಡಿ ತೂಕದಣ್ಣ ನಕ್ಕ, ಕೊನೆಗೆ ಸಾಹೇಬರೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಎರಡು ಗಂಟೆ ಎಂಟು ನಿಮಿಷ ಬಂತು. ದಶಾಂಶ ಮೇಡಂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದಳು. ಕೆಂಪು ಟೋಪಿ ಮೂವತ್ತೈದೂವರೆಯಲ್ಲೇ ಆರಾಮಾಗಿತ್ತು. ಎರಡೂ ಕಾಲಾಯಿತು, ಎರಡೂವರೆಯಾಯಿತು. ಯಂತ್ರದ ಕಡೆಯವರು ಒಬ್ಬೊಬ್ಬರಾಗಿ ಕೆಲಸ ನೆನಪಾದವರಂತೆ ಜಾಗ ಖಾಲಿ ಮಾಡಿದರು. ಎರಡು ಐವತ್ನಾಲ್ಕಕ್ಕೆ ಕೆಂಪು ಟೋಪಿ ಮೂವತ್ಮೂರು ಮುಟ್ಟಿತು.

ನರ್ಸಮ್ಮ ಗೆದ್ದೆನೆಂದು ಮೆರೆಯಲಿಲ್ಲ. ಎಳೆಮಕ್ಕಳ ವಾರ್ಡಿನಲ್ಲಿ ಕಲಿತದ್ದೇನೋ, ದಶಾಂಶ ಮೇಡಂ ಭುಜದ ಮೇಲೆ ಕೈಯಿಟ್ಟು ಇಷ್ಟೇ ಹೇಳಿದರು: "ನಿನ್ನ ಯಂತ್ರ ಸುಳ್ಳು ಹೇಳ್ತಿದೆ ಅಂತ ನಾನು ಹೇಳ್ತಿಲ್ಲಮ್ಮ. ನೀನು ಅದನ್ನ ಕೇಳಿದ್ದು ಹೇಗೆ ಅಂತ ಒಂದ್ಸಲ ನೋಡು."

ಸಂಜೆ ಮನೆಯಲ್ಲಿ ಅವಳ ಮುಖ ನೋಡಿದವರಿಗೆಲ್ಲ ಏನೋ ಆಗಿದೆ ಎಂದು ತಿಳಿಯಿತು. ಅಡುಗೆಯ ಪಾಳಿ ಗಂಡನದ್ದು. ಅವನು ಬಡಿಸುತ್ತ ಏನಾಯ್ತು ಎಂದು ಕೇಳಿದ. ಅವಳು ಟೋಪಿಗಳ ಕತೆಯನ್ನು ಹೇಳಲು ಶುರುಮಾಡಿದ್ದು ದುಃಖದಿಂದಲೇ, ಆದರೆ ಡೈರೆಕ್ಟರ್ ಸಾಹೇಬರು ಪಿಸುಗುಟ್ಟಿದ ಜಾಗಕ್ಕೆ ಬರುವಷ್ಟರಲ್ಲಿ ಅವಳಿಗೇ ನಗು ಬಂದು ಮಾತು ನಿಂತಿತು.

ಅತ್ತೆ ಮಾತ್ರ ನಗದೆ ಕೇಳಿದರು. "ತಪ್ಪು ಯಾರದ್ದು ಅಂತ ಗೊತ್ತಾಯ್ತಾ?"

"ಇಲ್ಲ ಅತ್ತೆ. ಯಂತ್ರದ್ದಂತೂ ಅಲ್ಲ. ನಂದೇ ಇರಬೇಕು."

"ಹಾಗಾದ್ರೆ ಸುಲಭ ಬಿಡು. ಬೇರೆಯವರದ್ದಾಗಿದ್ರೆ ಅವರು ಒಪ್ಪೋವರೆಗೆ ಕಾಯ್ಬೇಕಿತ್ತು. ನೀನು ನಾಳೆ ಬೆಳಿಗ್ಗೆನೇ ಒಪ್ಕೋಬಹುದು." ಎಂದವರು ಅವಳ ತಟ್ಟೆಯನ್ನು ಅವಳ ಕಡೆಗೆ ತಳ್ಳಿದರು. "ಮೊದಲು ಉಣ್ಣು."

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಅವಳು ಪ್ರಯೋಗಾಲಯದ ಬಾಗಿಲು ತೆಗೆದಳು. ಮೊದಲು ಇಂಡಿಯಂ ಎಂಬ ಮೆದು ಲೋಹದ ಚೂರನ್ನು ಬಟ್ಟಲಿಗೆ ಹಾಕಿದಳು. ಅದು ಕರಗಲು ಎಷ್ಟು ಶಾಖ ಬೇಕು ಎಂಬುದು ಲೋಕಕ್ಕೆಲ್ಲ ಗೊತ್ತಿರುವ ಸಂಗತಿ. ಯಂತ್ರ ಸರಿಯಿದೆಯೇ ಎಂದು ನೋಡಲು ಎಲ್ಲರೂ ಅದನ್ನೇ ಬಳಸುತ್ತಾರೆ. ಅಂಕಿ ಕೂದಲೆಳೆಯಷ್ಟೂ ತಪ್ಪಲಿಲ್ಲ. ಮೇಣದ ತೂಕ ನೋಡಿದಳು, ಸರಿಯಿತ್ತು. ಬಟ್ಟಲಿನ ಮುಚ್ಚಳ ಬಿಗಿಯಾಗಿತ್ತು. ಇನ್ನೇನು ಉಳಿಯಿತು ಎಂದು ತಲೆ ಕೆರೆದುಕೊಳ್ಳುತ್ತ, ಮಾಡಲು ಬೇರೇನೂ ತೋಚದೆ ಎರಡೂ ಬಟ್ಟಲನ್ನು ಖಾಲಿ ಇಟ್ಟು ಯಂತ್ರ ಓಡಿಸಿದಳು. ಕೆಲಸ ಕಲಿತ ಹೊಸದರಲ್ಲಿ ದಿನಾ ಹೀಗೆ ಮಾಡುತ್ತಿದ್ದಳು. ಆಮೇಲೆ, ಖಾಲಿ ಬಟ್ಟಲಲ್ಲಿ ನೋಡುವುದೇನಿದೆ ಎಂದು ಬಿಟ್ಟಿದ್ದಳು.

ಖಾಲಿ ಬಟ್ಟಲುಗಳ ಗೆರೆ ಮೂವತ್ತು ಡಿಗ್ರಿಯಲ್ಲಿ ಹೊರಟಿತು. ಹೊರಟ ತಕ್ಷಣ ಕೊಕ್ಕೆಯ ಹಾಗೆ ಚಿಮ್ಮಿ, ತೂಗಾಡಿ, ಮೂವತ್ತೈದರ ಹೊತ್ತಿಗೆ ತೆಪ್ಪಗಾಗಿ ನೆಟ್ಟಗೆ ನಡೆಯಿತು. ಇದು ಅವಳಿಗೆ ಹೊಸದೇನಲ್ಲ. ನಿಂತ ಬಸ್ಸು ಹೊರಟಾಗ ಜನ ಜೋಲಿ ಹೊಡೆಯುವ ಹಾಗೆ ಯಂತ್ರವೂ ಹೊರಡುವಾಗ ಅರ್ಧ ನಿಮಿಷ ತಡವರಿಸುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಎಲ್ಲರಿಗೂ ಗೊತ್ತು. ಕಂಪ್ಯೂಟರಿಗೂ ಗೊತ್ತು. ಅದಕ್ಕೇ ಅದು ತಡವರಿಕೆ ಮುಗಿಯುವುದನ್ನು ಕಾದು, ಗೆರೆ ನೆಟ್ಟಗಾದಂತೆ ಕಂಡಲ್ಲಿಂದ ತಳ ಎಳೆಯುತ್ತದೆ.

ಅವಳು ಮೇಣದ ಹಳೆಯ ಚಿತ್ರವನ್ನು ತೆಗೆದು, ಖಾಲಿ ಬಟ್ಟಲಿನ ಚಿತ್ರವನ್ನು ಅದರ ಮೇಲಿಟ್ಟಳು. ಎರಡು ಗೆರೆಗಳೂ ಮೂವತ್ತರಲ್ಲಿ ಹೊರಟು ಒಟ್ಟಿಗೇ ಚಿಮ್ಮಿದವು. ಮೂವತ್ತೈದರಲ್ಲಿ ಖಾಲಿಯ ಗೆರೆ ನೆಲಕ್ಕೆ ಬಂದಿತ್ತು. ಮೇಣದ್ದು ಬಂದಿರಲಿಲ್ಲ. ಅದು ಆಗಲೇ ಒಂದಷ್ಟು ಎತ್ತರದಲ್ಲಿ ನಿಂತಿತ್ತು.

ದಶಾಂಶ ಮೇಡಂ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಇಷ್ಟೇ ವಿಷಯ. ನರ್ಸಮ್ಮನ ಮೇಣ ಒಂದೇ ಮೇಣವಲ್ಲ, ಹಲವು ಮೇಣಗಳ ಬೆರಕೆ. ಅದು ಒಂದೇ ಏಟಿಗೆ ಕರಗುವುದಿಲ್ಲ. ಮೂವತ್ತೊಂದು, ಮೂವತ್ತೆರಡರಿಂದಲೇ ಸಣ್ಣಗೆ ಶುರುಮಾಡಿ, ಮೂವತ್ತೇಳರ ಹತ್ತಿರ ಜೋರಾಗಿ ಕರಗುತ್ತದೆ. ಆ ಸಣ್ಣ ಶುರು ಯಂತ್ರದ ತಡವರಿಕೆಯ ಹೊಟ್ಟೆಯೊಳಗೆ ಅಡಗಿಹೋಗಿತ್ತು. ಗೆರೆ ನೆಟ್ಟಗಾಯಿತೆಂದು ಕಂಪ್ಯೂಟರ್ ನಂಬಿದ ಜಾಗ ಬಯಲಾಗಿರಲಿಲ್ಲ, ಗುಡ್ಡದ ಇಳಿಜಾರಾಗಿತ್ತು. ಅಲ್ಲಿಂದ ಎಳೆದ ತಳ ಮೇಲೆದ್ದೇ ಹೊರಟು, ಗುಡ್ಡದ ಪಾದವನ್ನೂ ಕತ್ತರಿಸಿ, ಹೊಟ್ಟೆಯ ಕೆಳಭಾಗವನ್ನೂ ತಿಂದುಹಾಕಿತ್ತು. ಮೂವತ್ತರಿಂದ ಶುರುಮಾಡು ಎಂದು ಯಂತ್ರಕ್ಕೆ ಹೇಳಿದವಳು ಅವಳೇ. ಇನ್ನೂ ಕೆಳಗಿನಿಂದ ಶುರುಮಾಡಬೇಕೆಂದರೆ ಪ್ರತಿ ಸಲವೂ ಯಂತ್ರವನ್ನು ತಣಿಸುತ್ತ ಮುಕ್ಕಾಲು ಗಂಟೆ ಕಾಯಬೇಕು. ಆ ಮುಕ್ಕಾಲು ಗಂಟೆ ಉಳಿಸಲು ಎಂದೋ ಮಾಡಿಕೊಂಡ ರೂಢಿ ಅದು.

ನಾಚಿಕೆಯಾಗಬೇಕಿತ್ತು. ಆಯಿತು ಕೂಡ, ಒಂದು ಗಳಿಗೆ. ಆದರೆ ಅದರ ಬೆನ್ನಿಗೇ ಎಷ್ಟೋ ವರ್ಷದಿಂದ ಅವಳು ಮರೆತೇಬಿಟ್ಟಿದ್ದ ಒಂದು ಉಮೇದು ಎದ್ದುಬಂತು. ಏನನ್ನೋ ಕಂಡುಹಿಡಿದ ಖುಷಿ ಅದು. ಅದು ತನ್ನದೇ ತಪ್ಪು ಎಂಬುದರಿಂದ ಆ ಖುಷಿಯೇನೂ ಕಮ್ಮಿಯಾಗಲಿಲ್ಲ. ತಣಿಸುವ ಪೆಟ್ಟಿಗೆಯನ್ನು ಚಾಲೂ ಮಾಡಿ ಯಂತ್ರವನ್ನು ಸೊನ್ನೆ ಡಿಗ್ರಿಗೆ ಇಳಿಸಲು ಬಿಟ್ಟು, ಕಾಯುವ ಆ ಮುಕ್ಕಾಲು ಗಂಟೆ ಅವಳು ಕೋಣೆಯ ಉದ್ದಗಲಕ್ಕೂ ಓಡಾಡಿದಳು. ತೂಕದಣ್ಣ ಬಂದವನು ಅವಳನ್ನು ನೋಡಿ ಬಾಗಿಲಲ್ಲೇ ನಿಂತ.

"ಏನ್ ಮೇಡಂ, ಲಾಟರಿ ಹೊಡೀತಾ?"

"ಮೂರು ಬಟ್ಟಲು ಮೇಣ ತೂಗಿಕೊಡು. ಹೊಸದಾಗಿ. ಆಮೇಲೆ ಹೇಳ್ತೀನಿ."

ಸೊನ್ನೆಯಿಂದ, ನಿಧಾನ ಗತಿಯಲ್ಲಿ ಹೊರಟ ಗೆರೆ ತಡವರಿಸಿ ಸುಮ್ಮನಾಯಿತು. ಹತ್ತು, ಹದಿನೈದು, ಇಪ್ಪತ್ತು, ಇಪ್ಪತ್ತೈದು. ನೆಟ್ಟಗೆ, ಉದ್ದಕ್ಕೆ, ಬಯಲೆಂದರೆ ಬಯಲು. ಮೂವತ್ತೊಂದರ ಹತ್ತಿರ ಮೆಲ್ಲಗೆ ತಲೆಯೆತ್ತಿತು. ಇಬ್ಬರೂ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದಿದ್ದರು.

"ಅಲ್ಲಿ," ಎಂದಳು ದಶಾಂಶ ಮೇಡಂ. "ಅಲ್ಲಿಂದ ಶುರು. ಇಷ್ಟು ದಿನ ಅದನ್ನ ನಾನು ನೋಡೇ ಇರಲಿಲ್ಲ."

ಸಂಜೆಯೊಳಗೆ ಮೂರು ಬಟ್ಟಲೂ ಓಡಿದವು. ಈ ಸಲ ಗುಂಡಿ ಒತ್ತದೆ, ತಳವನ್ನು ಅವಳೇ ಎಳೆದಳು. ಗುಡ್ಡದ ಈಚೆಗಿನ ಬಯಲಿಗಿಂತ ಆಚೆಗಿನ ಬಯಲು ತುಸು ಎತ್ತರದಲ್ಲಿತ್ತು, ಏಕೆಂದರೆ ಗಟ್ಟಿ ಮೇಣವನ್ನು ಬಿಸಿ ಮಾಡಲು ಬೇಕಾಗುವ ಶಾಖ ಬೇರೆ, ಕರಗಿದ್ದಕ್ಕೆ ಬೇಕಾಗುವುದು ಬೇರೆ. ನಡುವೆ ನೇರ ಗೆರೆ ಎಳೆದರೆ ಒಂದು ಅಂಕಿ, ಕರಗಿದಷ್ಟಕ್ಕೆ ತಕ್ಕಂತೆ ಬಾಗಿಸಿ ಎಳೆದರೆ ಇನ್ನೊಂದು. ಅವಳು ಎರಡನ್ನೂ ಎಳೆದು ನೋಡಿದಳು. ನೂರ ಎಂಬತ್ತೈದು, ನೂರ ತೊಂಬತ್ತೊಂದು, ನೂರ ಎಂಬತ್ತೆಂಟು, ಎಲ್ಲವೂ ಅಲ್ಲಲ್ಲೇ ಸುಳಿದಾಡುತ್ತಿದ್ದವು. ಯಾವ ಗೆರೆ ಪೂರಾ ಸರಿ ಎಂದು ಎದೆ ತಟ್ಟಿ ಹೇಳಲು ಅವಳಿಗೆ ಆಗಲಿಲ್ಲ. ಹೇಳಲಾಗದು ಎಂಬುದನ್ನೇ ಬರೆಯಬೇಕು ಎಂದುಕೊಂಡು ಹೊಸ ವರದಿಯಲ್ಲಿ ಬರೆದಳು: 188, ಹೆಚ್ಚುಕಡಿಮೆ 4.

ತೂಕದಣ್ಣ ವರದಿಯನ್ನು ಮೂರು ಸಲ ತಿರುಗಿಸಿ ನೋಡಿದ. "ಪಾಯಿಂಟ್ ಎಲ್ಲಿ ಮೇಡಂ? ಪಾಯಿಂಟ್ ಆದ ಮೇಲೆ ಏನೂ ಇಲ್ಲ. ಪ್ರಿಂಟರ್ ಕೆಟ್ಟಿದೆಯಾ?"

"ಕೆಟ್ಟಿಲ್ಲ. ಪಾಯಿಂಟ್ ಆದ ಮೇಲಿಂದೇನೂ ನನಗೆ ಗೊತ್ತಿಲ್ಲ, ಅದಕ್ಕೆ ಬರೆದಿಲ್ಲ."

"ಹಾಗಾದ್ರೆ ಇನ್ಮೇಲೆ ನಿಮ್ಮನ್ನ ಏನಂತ ಕರೆಯೋದು?" ಎಂದು ಅವನು ನಿಜವಾಗಿಯೂ ಚಿಂತೆಯಲ್ಲಿ ಬಿದ್ದ.

ಡೈರೆಕ್ಟರ್ ಸಾಹೇಬರ ಕೋಣೆಗೆ ಹೋಗುವಾಗ ಅವಳ ಕೈಯಲ್ಲಿ ಬರೀ ಆ ವರದಿಯಿರಲಿಲ್ಲ. ಎರಡು ವರ್ಷದಲ್ಲಿ ಕೊಟ್ಟ ಮೇಣದ ವರದಿಗಳನ್ನೆಲ್ಲ ತೆಗೆದು ನೋಡಿದ್ದಳು. ಅಕ್ಕತಂಗಿಯರದ್ದನ್ನು ಬಿಟ್ಟು ಹನ್ನೊಂದರಲ್ಲಿ ಮೂರಕ್ಕೆ ಇದೇ ಗತಿಯಾಗಿತ್ತು. ಮಿಕ್ಕವು ಒಂದೇ ಏಟಿಗೆ ಕರಗುವ ಮೇಣಗಳು, ಅವಕ್ಕೆ ತೊಂದರೆಯಿರಲಿಲ್ಲ. ಸಾಹೇಬರು ಮೇಣದ ಹಳೆಯ, ಹೊಸ ಚಿತ್ರಗಳೆರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವರೂ ಒಂದು ಕಾಲದಲ್ಲಿ ಇದೇ ಕೆಲಸ ಮಾಡಿದವರು.

"ನಾವು ಕಲೀವಾಗ ಕಂಪ್ಯೂಟರ್ ಇರಲಿಲ್ಲ," ಎಂದರು. "ಕಾಗದದ ಮೇಲೆ ಗುಡ್ಡ ಬರ್ತಿತ್ತು. ಪೆನ್ಸಿಲಲ್ಲಿ ತಳ ಎಳೆದು, ಕತ್ತರೀಲಿ ಗುಡ್ಡ ಕತ್ತರಿಸಿ, ಆ ಕಾಗದದ ಚೂರನ್ನೇ ತಕ್ಕಡೀಲಿ ತೂಗ್ತಿದ್ವಿ. ಕೈಯಲ್ಲಿ ಕತ್ತರಿ ಇದ್ದಾಗ ಎಲ್ಲಿಂದ ಶುರು ಮಾಡ್ಬೇಕು ಅಂತ ಮನುಷ್ಯ ಸ್ವಲ್ಪ ಯೋಚನೆ ಮಾಡ್ತಾನೆ." ಆಮೇಲೆ ಚಿತ್ರಗಳನ್ನು ಮೇಜಿಗೆ ಇಟ್ಟು, "ಆ ಮೂವರಿಗೂ ನೀವೇ ಫೋನ್ ಮಾಡಿ ಹೇಳ್ತೀರಾ, ನಾನು ಮಾಡ್ಲಾ?" ಎಂದು ಕೇಳಿದರು.

"ನಾನೇ ಮಾಡ್ತೀನಿ ಸಾರ್."

ಮೊದಲನೆಯವರು ಧನ್ಯವಾದ ಹೇಳಿ ಹೊಸ ವರದಿ ಕಳಿಸಿ ಎಂದರು. ಎರಡನೆಯವರು ಸ್ವಲ್ಪ ರೇಗಿದರು. ಅವಳು ಪೂರ್ತಿ ಕೇಳಿಸಿಕೊಂಡಳು, ಸಮಜಾಯಿಷಿ ಕೊಡಲು ಹೋಗಲಿಲ್ಲ. ಮೂರನೆಯವನು ಮೇಣದಬತ್ತಿಯ ಕಾರ್ಖಾನೆಯವನು. ಅವಳು ಐದು ನಿಮಿಷ ಎಲ್ಲವನ್ನೂ ವಿವರಿಸಿದ ಮೇಲೆ ಆಚೆಯಿಂದ ಸಂಕೋಚದ ದನಿ ಬಂತು: "ಮೇಡಂ, ನಿಜ ಹೇಳ್ಬೇಕಂದ್ರೆ ನಿಮ್ಮ ವರದೀನ ನಾವಿನ್ನೂ ಬಿಚ್ಚೇ ಇಲ್ಲ." ಮಾತಾಡುತ್ತಿದ್ದಂತೆ ಕಾಗದ ಹರಿಯುವ ಸದ್ದೂ ಕೇಳಿಸಿತು. ಫೋನಿಟ್ಟು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಸೋದರಿಯರ ವರದಿಯನ್ನು ಅಂಚೆಗೆ ಹಾಕಲು ಅವಳಿಗೆ ಮನಸ್ಸಾಗಲಿಲ್ಲ. ಶನಿವಾರ ಬೆಳಿಗ್ಗೆ ತಾನೇ ತೆಗೆದುಕೊಂಡು ಹೋದಳು. ಅವರದ್ದು ಎರಡೇ ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಗೋಡೆಯ ಉದ್ದಕ್ಕೂ ಬಟ್ಟೆಯ ಸುರುಳಿಗಳು. ಹಿಂದಿನ ಕೋಣೆಯಲ್ಲಿ ಒಲೆ, ದೊಡ್ಡ ಪಾತ್ರೆ, ಅದರೊಳಗೆ ಸಣ್ಣ ಪಾತ್ರೆ, ಬಿಸಿ ಮೇಣದ ವಾಸನೆ. ಟೈಲರಮ್ಮ ಹೊಲಿಗೆಯಿಂದ ತಲೆಯೆತ್ತದೆ ಕೇಳಿದರು: "ಪಾಸಾ?"

"ಪಾಸ್."

ಯಂತ್ರ ನಿಂತಿತು. ಟೈಲರಮ್ಮ ಎದ್ದು ಬಂದು, ಅವಳ ಎರಡೂ ಕೆನ್ನೆಗಳನ್ನು ಹಿಡಿದು ಅಲುಗಾಡಿಸಿ, ಮತ್ತೆ ಹೋಗಿ ಹೊಲಿಯಲು ಕೂತರು.

ನರ್ಸಮ್ಮ ಮಾತ್ರ ವರದಿಯ ಪ್ರತಿ ಸಾಲನ್ನೂ ಓದಿದರು. "ಈ ಹೆಚ್ಚುಕಡಿಮೆ ನಾಲ್ಕು ಅಂದ್ರೇನು? ನನ್ನ ಮೇಣದಲ್ಲಿ ಇನ್ನೂ ಅನುಮಾನ ಇದೆಯಾ?"

"ಮೇಣದಲ್ಲಿ ಇಲ್ಲ ನರ್ಸಮ್ಮ. ಅದು ನಂದು. ನಾನು ಎಷ್ಟರಮಟ್ಟಿಗೆ ಬಲ್ಲೆ ಅನ್ನೋದನ್ನ ಬರೆದಿದೀನಿ."

ನರ್ಸಮ್ಮ ವರದಿಯಿಂದ ಕಣ್ಣೆತ್ತಿದರು. "ಇದನ್ನ ನಮ್ಮ ಡಾಕ್ಟರುಗಳೂ ಬರೆಯೋ ಹಾಗಿದ್ದಿದ್ರೆ," ಎಂದು ಅರ್ಧಕ್ಕೆ ನಿಲ್ಲಿಸಿ, ವರದಿಯನ್ನು ಮಡಿಚಿ ಬೀರುವಿನಲ್ಲಿಟ್ಟರು. ಆಮೇಲೆ, ಬಂದವಳನ್ನು ಬರಿಗೈಲಿ ಕೂರಿಸುವುದೇಕೆ ಎಂದು ಅವಳಿಗೂ ಒಂದು ಸೌಟು ಕೊಟ್ಟು ಮೇಣ ಕಲಕಲು ಹಚ್ಚಿದರು. ದಶಾಂಶ ಮೇಡಂ ಮಧ್ಯಾಹ್ನದವರೆಗೂ ಕಲಕಿದಳು, ಎರಡು ಸಲ ಉಕ್ಕಿಸಿದಳು, ಬೈಸಿಕೊಂಡಳು. ಹದ ಬಂತೋ ಇಲ್ಲವೋ ಎಂದು ನೋಡಲು ನರ್ಸಮ್ಮ ಥರ್ಮಾಮೀಟರ್ ಮುಟ್ಟದೆ, ಸೌಟಿನಿಂದ ಬೀಳುವ ಎಳೆಯನ್ನೇ ನೋಡುತ್ತಿದ್ದುದನ್ನು ಅವಳು ಗಮನಿಸಿದಳು.

ದೊಡ್ಡಾಸ್ಪತ್ರೆಗೆ ಇನ್ನೂರು ಹೊದಿಕೆ ಹೋಗಲು ಎರಡೂವರೆ ತಿಂಗಳು ಹಿಡಿಯಿತು. ಹೋಗಿ ಒಂದು ವಾರಕ್ಕೆ ನರ್ಸಮ್ಮನ ಫೋನ್ ಬಂತು: "ನಾಳೆ ಹನ್ನೊಂದಕ್ಕೆ ಬಾ. ವಾರ್ಡಿಗೆ ಕರ್ಕೊಂಡು ಹೋಗ್ತೀನಿ."

ಎಳೆಮಕ್ಕಳ ವಾರ್ಡು ಎರಡನೇ ಮಹಡಿಯಲ್ಲಿ, ಉದ್ದನೆಯ ಕೋಣೆ. ಕಿಟಕಿಗಳಿಗೆ ಹಸಿರು ಪರದೆ, ಗೋಡೆಯ ಮೇಲೆ ಮಾತಾಡಬೇಡಿ ಎಂಬ ಹಲಗೆ. ಸಾಲಾಗಿದ್ದ ಪುಟ್ಟ ಮಂಚಗಳಲ್ಲಿ ಎಂಟೊಂಬತ್ತು ಕಡೆ ಟೈಲರಮ್ಮನ ಹೊದಿಕೆಗಳಿದ್ದವು. ಮೊದಲನೆಯದರ ಬಳಿ ಒಬ್ಬ ತರುಣ ತಂದೆ, ಕೈ ಎಲ್ಲಿಡಬೇಕೆಂದು ತಿಳಿಯದೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಹೊದಿಕೆಯೊಳಗೆ ಮುಷ್ಟಿಯಷ್ಟು ಮುಖದ ಒಂದು ಹೆಣ್ಣುಕೂಸು. ಅದು ಹುಬ್ಬು ಗಂಟಿಕ್ಕಿ, ಯಾರ ಮೇಲೋ ಸಿಟ್ಟಾದ ಹಾಗೆ ಮಲಗಿತ್ತು.

"ಬೆಚ್ಚಗಿದ್ದಾಳಾ?" ಎಂದು ದಶಾಂಶ ಮೇಡಂ ಮೆತ್ತಗೆ ಕೇಳಿದಳು.

"ನನಗಿಂತ ಬೆಚ್ಚಗಿದ್ದಾಳೆ," ಎಂದ ತಂದೆ. "ರಾತ್ರಿಯಿಡೀ ಒಂದ್ಸಲಾನೂ ಅತ್ತಿಲ್ಲ. ಈಗ ಒಂದ್ಸಲ ಅತ್ರೆ ಸಾಕು ಅನ್ನಿಸ್ತಿದೆ, ದನಿ ಹೇಗಿದೆ ಅಂತ ಕೇಳೋಕೆ."

ನರ್ಸಮ್ಮನಿಗೆ ಅಷ್ಟರಲ್ಲಿ ಮೂರನೇ ಮಂಚದ ಹೊದಿಕೆಯನ್ನು ತಲೆಕೆಳಗಾಗಿ ಹಾಸಿದ್ದು ಕಣ್ಣಿಗೆ ಬಿತ್ತು. ಇದು ಹೀಗಲ್ಲ, ಬಾಯಿ ಈ ಕಡೆ ಬರಬೇಕು ಎಂದು ಒಬ್ಬ ಎಳೆಯ ನರ್ಸಿಗೆ ತೋರಿಸತೊಡಗಿದರು. ತೋರಿಸುತ್ತ ಹಳೆಯ ಅಭ್ಯಾಸದಲ್ಲಿ ದನಿ ಏರಿತು. ಟೈಲರಮ್ಮ ಅಕ್ಕನ ಸೆರಗು ಜಗ್ಗಿ, "ನೀನು ರಿಟೈರ್ಡ್ ಕಣೇ" ಎಂದರು. ಅದನ್ನು ಕೇಳಿ ಎಳೆಯ ನರ್ಸ್ ಕಿಸಕ್ಕೆಂದಳು. ದಶಾಂಶ ಮೇಡಂ ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ನಗು ಒಬ್ಬರಿಂದೊಬ್ಬರಿಗೆ ಹತ್ತಿ, ಕೈ ಕಟ್ಟಿ ನಿಂತಿದ್ದ ಆ ತಂದೆಗೂ ತಗುಲಿತು. ಆಗ ಹುಬ್ಬು ಗಂಟಿಕ್ಕಿದ್ದ ಕೂಸು ಕಣ್ಣು ಬಿಡದೆಯೇ ಬಾಯಿ ತೆರೆದು, ಅಷ್ಟು ಚಿಕ್ಕ ಜೀವದಿಂದ ಯಾರೂ ನಿರೀಕ್ಷಿಸದಂಥ ದೊಡ್ಡ ದನಿಯಲ್ಲಿ ಅರಚಲು ಶುರುಮಾಡಿತು. ಒಂದರ ಹಿಂದೆ ಒಂದರಂತೆ ವಾರ್ಡಿನ ಕೂಸುಗಳೆಲ್ಲ ಎದ್ದವು.

ವಾರ್ಡಿನ ಮುಖ್ಯ ನರ್ಸ್ ಧಾವಿಸಿ ಬಂದರು. ಇಪ್ಪತ್ತು ವರ್ಷದ ಹಿಂದೆ ನರ್ಸಮ್ಮನ ಕೈಕೆಳಗೇ ಪಳಗಿದವರು ಅವರು. ಬಾಗಿಲನ್ನು ಅಗಲವಾಗಿ ತೆಗೆದು ಹಿಡಿದು, "ಅಕ್ಕ, ನೀವು ಕಲಿಸಿದ್ದೇ ಇದು. ಗಲಾಟೆ ಮಾಡೋರು ಯಾರೇ ಆಗ್ಲಿ, ಹೊರಗೆ," ಎಂದರು.

ಮೂವರೂ ತಲೆ ತಗ್ಗಿಸಿ ಹೊರಗೆ ಬಂದರು. ಬಾಗಿಲು ಮುಚ್ಚಿದರೂ ಒಳಗಿನ ಅಳು ಮೆಟ್ಟಿಲವರೆಗೂ ಕೇಳುತ್ತಿತ್ತು, ಅದರ ನಡುವೆ ಆ ತಂದೆಯ ದನಿಯೂ: ಅವನು ಯಾರಿಗೋ ಫೋನಿನಲ್ಲಿ, ಕೇಳಿಸ್ತಾ, ಕೇಳಿಸ್ತಾ ಎಂದು ಕೂಗಿ ಕೇಳುತ್ತಿದ್ದ.

"ಕೆಳಗೆ ಕ್ಯಾಂಟೀನಿನಲ್ಲಿ ಟೀ ಚೆನ್ನಾಗಿರ್ತದೆ," ಎಂದರು ನರ್ಸಮ್ಮ ಗಂಭೀರವಾಗಿ, ಇಳಿಯಲು ಶುರುಮಾಡುತ್ತ.